ಎಲ್ಲರೂ ಕ್ಯಾಮೆರಾ ನೋಡಿದ ಫೋಟೋ

ಗೋವಾದ ಝುವಾರಿನಗರದ ಬಸ್ ಸ್ಟಾಪಿನಲ್ಲಿ ಇಳಿದು, ಫೋಟೋ ತೆಗೆಯುವ ಸಂಗಣ್ಣನ ಮನೆ ಯಾವ ಕಡೆ ಎಂದು ಕೇಳಿ ನೋಡಿ. ದಾರಿ ಹೇಳುವ ಮೊದಲು ನಿಮ್ಮನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಅವನನ್ನು ಕೇಳಿಕೊಂಡು ಬಂದವರ ಮೇಲೂ ಗುಮಾನಿ ಬರುವಂತಾಗಿದ್ದು 2005ರ ಮಳೆಗಾಲ ಕಳೆದ ಮೇಲೆ. ಅದಕ್ಕೂ ಮೊದಲು ಅವನು ಯಾರ ಕಣ್ಣಿಗೂ ಬೀಳದ ಮನುಷ್ಯ.

ಊರು ಹುನಗುಂದದ ಕಡೆ. ಅಪ್ಪ ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಬಂದಾಗ ಹಿಂದೆಯೇ ಬಂದ. ವಾಸ್ಕೋದ ಒಂದು ಸ್ಟುಡಿಯೋದಲ್ಲಿ ಕಸ ಹೊಡೆಯುತ್ತ, ಲೈಟು ಹಿಡಿಯುತ್ತ, ಕ್ಯಾಮೆರಾ ಹಿಡಿಯುವುದನ್ನೂ ಕಲಿತ. ದಿನವೆಲ್ಲ ಪಾಸ್‌ಪೋರ್ಟ್ ಫೋಟೋ, ಮುಹೂರ್ತಗಳಿದ್ದಾಗ ಮದುವೆ. "ಗದ್ದ ಎತ್ತರಿ, ಹಾಂ, ನಗಬ್ಯಾಡ್ರಿ, ಕಣ್ಣು ಪಿಳುಕಿಸಬ್ಯಾಡ್ರಿ." ಇದನ್ನೇ ಹೇಳಿ ಹೇಳಿ ಅವನಿಗೊಂದು ಬೇಸರ ಹತ್ತಿತ್ತು. ಕ್ಯಾಮೆರಾ ಕಂಡರೆ ಸಾಕು, ಮನುಷ್ಯನ ಮುಖ ಬಾಗಿಲು ಹಾಕಿಕೊಂಡುಬಿಡುತ್ತದಲ್ಲ!

ಒಂದು ಭಾನುವಾರ ಸಂಜೆ ಮದುವೆ ಮುಗಿಸಿ ಬರುತ್ತಿದ್ದ. ಬಂದರಿನ ಮೇಲಿನ ಗುಡ್ಡದಲ್ಲಿ ಒಂದು ಹಳೆಯ ಕ್ಲಬ್ಬು. ಒಳಗಿನಿಂದ ಹೆಂಚು ಹಾರಿ ಹೋಗುವಂಥ ಸದ್ದು. ಗೇಟು ಕಾಯುತ್ತಿದ್ದವನು ಅವನದೇ ಓಣಿಯ ಮಕ್ತುಮಸಾಬ.

"ಏನೋ ಸಂಗ್ಯಾ, ದಾರಿ ತಪ್ಪಿದೇನು?"

"ಒಳಗ ಯಾರನ್ನ ಬಡ್ಯಾಕತ್ತಾರ?"

"ಬಡಿಯಾಕತ್ತಿಲ್ಲಪಾ, ಹಾಡಾಕತ್ತಾರ. ಹೋಗಿ ನೋಡು, ಕಿವಿ ಉಳದ್ರ ಹೊರಗ ಬಾ."

ಹೋಗಿ ನೋಡಿದ. ವಾಸ್ಕೋದ ನಾಲ್ಕು ಹುಡುಗರ ಬ್ಯಾಂಡು. ಹೆಸರು ರಸ್ಟಿ ಬಾರ್ಜ್. ಸಿನಿಮಾ ಹಾಡು ಮುಟ್ಟುತ್ತಿರಲಿಲ್ಲ, ತಾವೇ ಕಟ್ಟಿದ್ದನ್ನು ತಾವೇ ಹಾಡುತ್ತಿದ್ದರು. ಸಂಗಣ್ಣನಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ಆ ಮುಖಗಳು! ಹಾಡುವವನು ಕಣ್ಣು ಮುಚ್ಚಿದ್ದ, ಡ್ರಮ್ ಬಾರಿಸುವವನ ಬಾಯಿ ತೆರೆದೇ ಇತ್ತು, ಕೆಳಗೆ ಕುಣಿಯುವವರಿಗೆ ತಮ್ಮ ಮೈಯ ಖಬರೇ ಇರಲಿಲ್ಲ. ಒಬ್ಬನಾದರೂ ಕ್ಯಾಮೆರಾದ ಕಡೆ ನೋಡಬೇಕಲ್ಲ! ಮದುವೆಯ ರೋಲಿನಲ್ಲಿ ನಾಲ್ಕಾರು ಫ್ರೇಮು ಉಳಿದಿದ್ದವು. ಅಲ್ಲೇ ಮುಗಿಸಿದ.

ಅಲ್ಲಿಂದ ಮುಂದೆ ಅದೇ ಚಟವಾಯಿತು. ಉಳಿದ ಫ್ರೇಮುಗಳಿಗೆ ಸ್ಟುಡಿಯೋದ ಮಾಲೀಕ ಬೇಡ ಎನ್ನಲಿಲ್ಲ. ಮನೆಯಲ್ಲಿ ಹೆಂಡತಿ ಭಾಗವ್ವ ಮಾತ್ರ ಪ್ರಿಂಟುಗಳನ್ನು ತಿರುವಿ ತಿರುವಿ ನೋಡುತ್ತಿದ್ದಳು.

"ಮದಲಗಿತ್ತಿ ಆದ ಮ್ಯಾಲ ಈ ಕೂದಲ ಬಿಚ್ಚಿದಾಕಿ ಯಾರ್ರೀ?"

"ಗಿಟಾರ ಬಾರಸಾಂವ. ಗಡ್ಡ ನೋಡು."

"ಗಡ್ಡ ಕಂಡತಿ ಬಿಡ್ರಿ. ನಿಮ್ಮ ಬಾಯಿ ವಾಸನಿ ನೋಡ್ತೇನಿ ಬರ್ರಿ ಇಲ್ಲೆ."

ವಾಸನೆ ಇರಲಿಲ್ಲ. ಅವನು ಕುಡಿಯುವವನೇ ಅಲ್ಲ. ಆ ಒಂದು ಒಳ್ಳೆಯ ಗುಣವೇ ಮುಂದೆ ಅವನ ಕೊರಳಿಗೆ ಬಂತು ನೋಡಿ.

ಮಳೆ ನಿಂತ ಮೇಲಿನ ಒಂದು ಭಾನುವಾರ ಕ್ಲಬ್ಬಿನ ಮೇಲೆ ಪೊಲೀಸರು ಬಿದ್ದರು. ಮುಂದೆ ಇದ್ದವನು ಸಾದಾ ಬಟ್ಟೆಯಲ್ಲಿದ್ದ, ಕೈಯಲ್ಲಿ ಕೆಂಪು ಹೆಲ್ಮೆಟ್ಟು. ಯಾರನ್ನೂ ಏನೂ ಕೇಳದೆ ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ, ಗಾಂಜಾ ಸೇದುತ್ತಿದ್ದ ಡ್ರಮ್ಮಿನ ಹುಡುಗನ ತೋಳು ಹಿಡಿದ. ಯಾರೋ ಒಳಗಿನವರೇ ಸುದ್ದಿ ಮುಟ್ಟಿಸಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಅಂಥವನಿಗೆ ಅಲ್ಲಿ ಖಬರಿ ಅನ್ನುತ್ತಾರೆ. ಖಬರಿ ಯಾರು?

ಹುಡುಗ ಜಾಮೀನಿನ ಮೇಲೆ ಬಂದ, ಕ್ಲಬ್ಬು ಮತ್ತೆ ತೆರೆಯಿತು, ಸಂಗಣ್ಣ ಎಂದಿನಂತೆ ಹೋಗಿ ಫೋಟೋ ತೆಗೆದ. ಪ್ರಿಂಟು ಬಂದಾಗ ಒಂದೊಂದನ್ನೇ ಬೆಳಕಿಗೆ ಹಿಡಿದ. ಡ್ರಮ್ಮಿನವನ ಕೈ ಗಾಳಿಯಲ್ಲಿ, ಕಣ್ಣು ಕ್ಯಾಮೆರಾದ ಮೇಲೆ. ಹಾಡುವವನ ಕಣ್ಣು ಕ್ಯಾಮೆರಾದ ಮೇಲೆ. ಕುಣಿಯುವವರು ಕುಣಿತ ಬಿಟ್ಟು ಇವನನ್ನೇ ನೋಡುತ್ತಿದ್ದಾರೆ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರ ಹಾಗೆ ಎಲ್ಲ ಮುಖಗಳೂ ಬಾಗಿಲು ಹಾಕಿಕೊಂಡಿದ್ದವು.

ಅವರ ಅನುಮಾನ ತನ್ನ ಮೇಲೆ ಎಂಬುದು ಅವನಿಗೆ ತಿಳಿದದ್ದು ಹೀಗೆ.

ಕ್ಲಬ್ಬಿನ ಯಜಮಾನ, ಕಾರವಾರದ ಬಂಡು ಎಂಬವನು, ಮರುದಿನವೇ ಅವನನ್ನು ಕರೆಸಿದ. "ಕುಡಿಯೋದಿಲ್ಲ, ಕುಣಿಯೋದಿಲ್ಲ, ಬರೇ ಎಲ್ಲರ ಫೋಟೋ ತೆಗೀತೀಯ. ಯಾರಿಗೆ ಅದು?"

"ನನಗರೀ ಶೇಟ್ರ."

"ಮಕ್ತುಮಸಾಬನೂ ಅಂದ, ಕುಡಿಯದವನು ಇಲ್ಲಿಗೆ ಯಾಕೆ ಬರ್ತಾನೆ, ಇವನ ಮೇಲೆ ಒಂದು ಕಣ್ಣಿಡಿ ಅಂತ. ನಿಮ್ಮ ಓಣಿಯವನೇ ಹಾಗೆ ಅಂದಮೇಲೆ ಇನ್ನೇನು? ನೀನು ಖಬರಿ ಅಲ್ಲದಿದ್ದರೆ ಇಷ್ಟು ದಿನದ ಫೋಟೋ ಎಲ್ಲ ತಾ. ಯಾರು ಯಾರ ಜೊತೆ ನಿಂತಿದ್ದಾರೆ, ನಾನೇ ನೋಡ್ತೇನೆ. ಆಮೇಲೆ ಮೊದಲಿನ ಹಾಗೆ ಸ್ಟೇಜಿನ ಹತ್ತಿರ ನಿಂತ್ಕೋ. ತರದಿದ್ದರೆ ಈ ಮೆಟ್ಟಿಲು ಹತ್ತಬೇಡ."

ಮನೆಗೆ ಬಂದು ಸಂಗಣ್ಣ ಪ್ರಿಂಟುಗಳನ್ನೆಲ್ಲ ಚಾಪೆಯ ಮೇಲೆ ಹರವಿದ. ಭಾಗವ್ವ ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಬಗ್ಗಿ ನೋಡಿದಳು. ದಾಳಿಗೆ ಹಿಂದಿನ ಭಾನುವಾರದ ಒಂದು ಫೋಟೋದ ಮೇಲೆ ಅವಳ ಬೆರಳು ನಿಂತಿತು.

"ಈ ಮೂಲ್ಯಾಗ ನಿಂತಾಂವ ನಮ್ಮ ಮಕ್ತುಮಸಾಬ ಅಲ್ಲೇನ್ರಿ? ಅವನ ಕಿವಿ ಕಚ್ಚಾಕತ್ತಾಂವ ಯಾರು, ಕೆಂಪು ಹೆಲ್ಮೆಟ್ಟು?"

"ಅವತ್ತ ಎಲ್ಲಾರ ಮುಂದ ನುಗ್ಗಿದ ಪೊಲೀಸ್‌ನಾಂವ" ಎಂದ ಸಂಗಣ್ಣ. ಭಾಗವ್ವ ಅಂದಳು: "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೋತಾರ. ಇಂವಾ ತನ್ನ ಹೆಗಲ ಬಿಟ್ಟು ನಿಮ್ಮ ಹೆಗಲ ತೋರಿಸ್ಯಾನ. ನಾಳೆ ಒಯ್ದು ಕೊಟ್ಟ ಬರ್ರಿ."

"ಕೊಟ್ರ ಅವನ ಅನ್ನ ಹೋಗ್ತದ."

"ನಿಮ್ಮ ಮಾನ ಹೋಗೈತಲ್ಲ?"

"ನಾ ಖಬರಿ ಅಲ್ಲ ಅಂತ ತೋರ್ಸಾಕ ನಾನೂ ಖಬರಿ ಆಗಬೇಕೇನ?"

ಬೆಳಿಗ್ಗೆ ನಲ್ಲಿಯ ಹತ್ತಿರ ಮಕ್ತುಮಸಾಬ ಸಿಕ್ಕ. ಸಂಗಣ್ಣ ಕೊಡ ಕೆಳಗಿಟ್ಟು, "ನನ್ನ ಫೋಟೋದಾಗ ಕೆಂಪು ಹೆಲ್ಮೆಟ್ಟು ಬಂದೈತಿ. ಬಾಜೂಕ ನೀ ಅದಿ" ಎಂದ.

"ಬೆಳಬೆಳಿಗ್ಗೇನ ಕುಡದು ಬಂದೇನಲೇ?"

"ನಾ ಕುಡಿಯಾಂವಲ್ಲ ಅಂತ ನೀನ ಹೇಳೀಯಲ್ಲ ಶೇಟ್ರ ಮುಂದ."

ಮಕ್ತುಮಸಾಬನ ಕೊಡ ತುಂಬಿ ಹರಿಯುತ್ತಿತ್ತು. ಅವನಿಗೆ ಅದರ ಮೇಲೆ ಗಮನವಿರಲಿಲ್ಲ. ದನಿ ಇಳಿಸಿ ಅಂದ: "ನನ್ನ ತಮ್ಮನ್ನ ಹಿಡಕೊಂಡು ಹೋಗಿದ್ರೋ. ಸುದ್ದಿ ಕೊಟ್ರ ಬಿಡ್ತೇವಿ ಅಂದ್ರು. ಏನ ಮಾಡ್ಲಿ?"

ಖರೆಯೋ ಸುಳ್ಳೋ! ಮಕ್ತುಮಸಾಬನಿಗೆ ತಮ್ಮ ಒಬ್ಬನಿದ್ದಾನೆ ಎಂದು ಓಣಿಯಲ್ಲಿ ಯಾರೂ ಅಲ್ಲಿಯ ತನಕ ಕೇಳಿರಲಿಲ್ಲ.

ಭಾನುವಾರ ಸಂಗಣ್ಣ ಬರಿಗೈಯಲ್ಲಿ ಬಂಡುವಿನ ಮುಂದೆ ನಿಂತ.

"ಫೋಟೋ?"

"ತಂದಿಲ್ರಿ."

"ಹಾಗಾದರೆ ನೀನೇ."

ಸಂಗಣ್ಣ ಸ್ಟೇಜಿನ ಕಡೆ ಒಮ್ಮೆ ನೋಡಿ ಮೆಟ್ಟಿಲಿಳಿದ. ಅವನ ಬೆನ್ನ ಹಿಂದೆ ಗೇಟು ಎಳೆದುಕೊಂಡವನು ಮಕ್ತುಮಸಾಬನೇ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಚಟ ಬಿಡಬೇಕಲ್ಲ! ಒಳಗೆ ಹೋಗಬೇಡ ಎಂದಿದ್ದರು, ರಸ್ತೆಯಲ್ಲಿ ನಿಲ್ಲಬೇಡ ಎಂದು ಯಾರೂ ಅಂದಿರಲಿಲ್ಲ. ಗೇಟಿನ ಎದುರು, ರಸ್ತೆಯಾಚೆ ಒಂದು ಮೋಟುಗೋಡೆ. ಸಂಗಣ್ಣ ಭಾನುವಾರಗಳಂದು ಅದಕ್ಕೆ ಆತು ನಿಲ್ಲತೊಡಗಿದ. ಬ್ಯಾಂಡು ನಿಂತ ಮೇಲೆ ಜನ ಬೆವರು ಒರೆಸಿಕೊಳ್ಳುತ್ತ ಹೊರಬರುತ್ತಾರೆ. ಕಿವಿಯಲ್ಲಿ ಸದ್ದು ಇನ್ನೂ ಇಳಿದಿರುವುದಿಲ್ಲ, ಪಕ್ಕದಲ್ಲಿದ್ದವರ ಜೊತೆಗೂ ಕೂಗಿಯೇ ಮಾತಾಡುತ್ತಾರೆ, ಚಪ್ಪಲಿ ಜೋಡಿ ತಪ್ಪಿದ್ದೂ ತಿಳಿದಿರುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಖಬರಿಯ ನೆನಪೂ ಇಲ್ಲ, ಕ್ಯಾಮೆರಾದ ನೆನಪೂ ಇಲ್ಲ. ಮುಖಗಳು ಹಾರುಹೊಡೆದ ಬಾಗಿಲುಗಳು.

ಒಂದು ಮುಖ ಬಿಟ್ಟು. ಪ್ರತಿ ಫೋಟೋದ ಅಂಚಿನಲ್ಲಿ, ಗೇಟಿನ ಕಂಬದ ಪಕ್ಕ, ಮಕ್ತುಮಸಾಬ. ಕಣ್ಣು ನೆಟ್ಟಗೆ ಕ್ಯಾಮೆರಾದ ಮೇಲೆ.

ಈಗಲೂ ವಾರಕ್ಕೊಮ್ಮೆ ನಲ್ಲಿಯ ಹತ್ತಿರ ಅವನು ಕೇಳದೆ ಬಿಡುವುದಿಲ್ಲ.

"ಈ ವಾರ ಫೋಟೋ ಹೆಂಗ ಬಂದಾವೋ ಸಂಗ್ಯಾ?"

ಸಂಗಣ್ಣ ಕೊಡ ಹೆಗಲಿಗೇರಿಸಿಕೊಂಡು ಅನ್ನುತ್ತಾನೆ: "ನೀ ಭಾಳ ಚಲೋ ಬಂದೀಯಪಾ."