ಮೂರನೆಯ ರೌಡಿಯ ಸಾವುಗಳು

ಅವನು ಮೊದಲ ಸಲ ಸತ್ತದ್ದು ಒಂದು ಶೀತಲಗೃಹದ ಹಿಂಭಾಗದಲ್ಲಿ, ಮೀನಿನ ಪೆಟ್ಟಿಗೆಗಳ ಮೇಲೆ. ಪರದೇಶಕ್ಕೆ ಬಂದ ಹೊಸದರಲ್ಲಿ ಅಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕಿದ್ದ. ಸಿನಿಮಾದವರು ಹೊಡೆದಾಟದ ದೃಶ್ಯ ತೆಗೆಯಲು ಬಂದರು. ಅವರು ಕರೆತಂದಿದ್ದ ರೌಡಿಗಳಲ್ಲೊಬ್ಬ ಮಂಜುಗಡ್ಡೆಯ ಮೇಲೆ ಜಾರಿ ಮೊಣಕಾಲು ಮುರಿದುಕೊಂಡ. ನಿರ್ದೇಶಕ ಸುತ್ತ ಕಣ್ಣಾಡಿಸಿದ. ಅಗಲ ಎದೆಯ, ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯ ಈ ಮನುಷ್ಯ ಕಣ್ಣಿಗೆ ಬಿದ್ದ. ಬೇರೆಯವನ ಅಂಗಿ ತೊಡಿಸಿ ನಿಲ್ಲಿಸಿದರು. ನಾಯಕ ಕಬ್ಬಿಣದ ಕೊಕ್ಕೆ ಬೀಸಬೇಕು, ಇವನು ಕುತ್ತಿಗೆ ಹಿಡಿದುಕೊಂಡು ಬೀಳಬೇಕು. ಎಷ್ಟು ಚೆನ್ನಾಗಿ ಬಿದ್ದನೆಂದರೆ ಜೊತೆಯ ಹಮಾಲಿಯೊಬ್ಬ ಆಂಬುಲೆನ್ಸಿಗೆ ಫೋನ್ ಮಾಡಿಬಿಟ್ಟ. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ಇವನ ಹೆಸರಿರಲಿಲ್ಲ. 'ಮೂರನೆಯ ರೌಡಿ' ಎಂದಷ್ಟೇ ಇತ್ತು. ಅದೇ ಅವನಿಗೆ ಗಟ್ಟಿಯಾಗಿ ಅಂಟಿಕೊಂಡಿತು.

ಆಮೇಲೆ ಸಾವಿಗೆ ಬರವಿರಲಿಲ್ಲ. ಅವನನ್ನು ಮಹಡಿಯಿಂದ ತಳ್ಳಿದರು, ಕಾರಿನ ಬಾಗಿಲಿಗೆ ತಲೆ ಸಿಕ್ಕಿಸಿ ಜಜ್ಜಿದರು, ಈಜುಕೊಳದಲ್ಲಿ ಮುಳುಗಿಸಿದರು, ಒಮ್ಮೆ ಬೆಂಕಿಯನ್ನೂ ಹಚ್ಚಿದರು. ರಕ್ತ ಬಣ್ಣದ ಪಾಕ, ಒಪ್ಪಿಕೊಳ್ಳೋಣ. ಆದರೆ ಒದೆತಗಳೆಲ್ಲ ಸುಳ್ಳು ಎಂದು ನಂಬುವವರು ಒಂದು ದಿನ ಅವನ ಜಾಗದಲ್ಲಿ ನಿಂತು ನೋಡಬೇಕು. ಹೆಸರು ಮಾಡಿದ ನಾಯಕರಿಗೆ ಅಳತೆ ತಿಳಿಯುವುದಿಲ್ಲ. ಒಬ್ಬ ಉತ್ಸಾಹದಲ್ಲಿ ಇವನ ಪಕ್ಕೆಲುಬು ಮುರಿದ. ಇನ್ನೊಬ್ಬ ಮೂಗಿಗೆ ಗುದ್ದಿ, ಮೂಗು ನೆಟ್ಟಗಾಗುವ ಮೊದಲೇ ಮತ್ತದೇ ಮೂಗಿಗೆ ಗುದ್ದಿದ. ಪ್ರತಿ ಸಲವೂ ಹೂಗುಚ್ಛ ಬರುತ್ತಿತ್ತು. ಸೊಟ್ಟ ಮೂಗಿನಿಂದಾಗಿ ಕೆಲಸ ಮಾತ್ರ ಹೆಚ್ಚಾಯಿತು.

ಬೇರೆಯವರಿಗೆ ದನಿ ಕೊಡುವ ಗಂಟಲಿನ ಕೆಲಸ ಶುರುವಾದದ್ದು ಹೀಗೆಯೇ, ಒಬ್ಬ ನಾಯಕನ ದೆಸೆಯಿಂದ. ಅವನಿಗೆ ಕಿರುಚಲು ಬರುತ್ತಿರಲಿಲ್ಲ. ಬಂದರೂ ಗಂಟಲು ಕೆಡುತ್ತದೆಂದು ಭಯ. ಇವನನ್ನು ಗಾಜಿನ ಕೋಣೆಯೊಳಗೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪರದೆಯ ಮೇಲೆ ಒದೆ ತಿನ್ನುತ್ತಿದ್ದ ಆ ನಾಯಕನ ಬದಲಿಗೆ ಕಿರುಚಿಸಿದರು. ಚೂರಿ ಹೊಟ್ಟೆಗೆ ಹೋದರೆ ಉಸಿರು ಒಳಕ್ಕೆ ಸೆಳೆದುಕೊಳ್ಳುತ್ತದೆ, ಕೂಗು ಹೊರಡುವುದು ಆಮೇಲೆ. ಗುಂಡು ತಗಲಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬೆಲ್ಟಿನ ಏಟಿಗೆ ಕೂಗಿಗಿಂತ ಮೊದಲು ಬರುವುದು ಹಲ್ಲು ಕಚ್ಚಿದ ಸದ್ದು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ರೆಕಾರ್ಡಿಂಗ್ ಮಾಡುವವನು ಕೇಳಿದ್ದಕ್ಕೆ, ಮನೆಯಲ್ಲಿ, ಎಂದು ಹೇಳಿ ನಕ್ಕಿದ್ದ. ತಮಾಷೆ ಎಂದುಕೊಂಡು ಅವನೂ ನಕ್ಕ.

ಮನೆಯೆಂದರೆ ಅಕ್ಕ. ಅವಳಿಲ್ಲದಿದ್ದರೆ ಇವನಿಲ್ಲ, ಇದರಲ್ಲಿ ಎರಡು ಮಾತಿಲ್ಲ. ಮೊದಲು ಪರದೇಶಕ್ಕೆ ಬಂದವಳು ಅವಳೇ. ಆಸ್ಪತ್ರೆಯೊಂದರ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೋಣೆಯಲ್ಲಿ ಬೆವರು ಸುರಿಸಿ ತಮ್ಮನನ್ನು ಕರೆಸಿಕೊಂಡಿದ್ದಳು. ಮದುವೆಯ ಮಾತೆತ್ತಿದರೆ, ಒಬ್ಬ ಗಂಡಸಿಗೆ ಅನ್ನ ಹಾಕೋದೇ ಸಾಕಾಗಿದೆ, ಎನ್ನುತ್ತಿದ್ದಳು. ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರೇ. ಪ್ರಪಂಚದಲ್ಲಿ ಅವನು ಯಾರ ಮುಖ ನೋಡಿ ಬದುಕುತ್ತಿದ್ದನೆಂದರೆ ಅವಳೊಬ್ಬಳ ಮುಖ.

ತಮ್ಮನ ಚಿತ್ರಗಳನ್ನು ಅಕ್ಕ ಒಂದೂ ಬಿಡುತ್ತಿರಲಿಲ್ಲ. ಮನೆಗೆ ಬಂದು, ಈ ಸಲ ಪಾಪ್‌ಕಾರ್ನ್ ಮುಗಿಯೋವರೆಗಾದರೂ ಬದುಕಿದ್ದೆಯಲ್ಲ ಮಾರಾಯ, ಎಂದು ಕಿಚಾಯಿಸುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಇವನ ಮಾತಿಗೆ. ಅಲ್ಲಿಯ ನಿರ್ದೇಶಕರಿಗೆ ಪರದೇಶಿ ರೌಡಿಯ ಬಾಯಲ್ಲಿ ಪರದೇಶಿ ಮಾತೇ ಬೇಕು. ಏನು ಮಾತು ಎಂಬುದು ಯಾರಿಗೂ ಬೇಡ. ನಿನ್ನ ಭಾಷೆಯಲ್ಲಿ ಏನಾದರೂ ಭಯಂಕರವಾಗಿ ಹೇಳು, ಎನ್ನುತ್ತಿದ್ದರು. ಇವನು ನಾಯಕನ ಬೆರಳು ಕತ್ತರಿಸುತ್ತ, ಕಣ್ಣು ಕೆಂಪಗೆ ಮಾಡಿಕೊಂಡು, "ಈ ಟೊಮೆಟೊ ಕೊಳೆತಿದೆ, ಬೇರೆ ಕೊಡಿ" ಎಂದು ಗುಡುಗುತ್ತಿದ್ದ. ಚಿತ್ರಮಂದಿರವೆಲ್ಲ ಉಸಿರು ಬಿಗಿಹಿಡಿದು ಕೂತಾಗ ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗುವಿಗಾಗಿ ಅವನು ಇನ್ನಷ್ಟು ಸಲ ಸಾಯಲು ತಯಾರಿದ್ದ.

ಕೊನೆಗೊಂದು ದೊಡ್ಡ ಪಾತ್ರ ಬಂತು. ಹೆಂಗಸೊಬ್ಬಳನ್ನು ಗ್ಯಾರೇಜಿನಲ್ಲಿ ಕೂಡಿಹಾಕಿ ಹಿಂಸಿಸುವವನ ಪಾತ್ರ. ಮೊದಲಿನಿಂದ ಕೊನೆಯವರೆಗೂ ಅವನೇ. ನಿರ್ದೇಶಕಿ ಬಿಗಿ ಹೆಂಗಸು. ಇವನ ಟೊಮೆಟೊ ಅವಳ ಹತ್ತಿರ ನಡೆಯಲಿಲ್ಲ. ನಿನ್ನ ಭಾಷೆ ನನಗೆ ಬಾರದು, ಆದರೆ ನೀನು ಕೊಲ್ಲಲು ಬಂದಿಲ್ಲ, ತರಕಾರಿ ಕೊಳ್ಳಲು ಬಂದಿದ್ದೀಯ ಎಂಬುದು ನಿನ್ನ ಕಣ್ಣಿನಲ್ಲೇ ಕಾಣುತ್ತದೆ, ಎಂದಳು. ನಿನ್ನ ಮೈ ನಡುಗಿಸುವಂಥ ಮಾತು ಯಾವುದಿದೆಯೋ ಅದನ್ನು ಹೇಳು ಎಂದಳು. ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲ. ಮೂಲೆಯಲ್ಲಿ ಮುದುಡಿದ್ದ ನಟಿಯ ಕಡೆ ಬಗ್ಗಿ, ದನಿ ತಗ್ಗಿಸಿ, ಅಕ್ಕರೆಯಿಂದ, "ಬಾಗಿಲು ಹಾಕಮ್ಮ" ಎಂದ. ಬೆಲ್ಟ್ ಬಿಚ್ಚಿದ.

ಒಂದಕ್ಷರ ಅರ್ಥವಾಗದ ಆ ನಟಿ ನಿಜವಾಗಿ ಅತ್ತಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಚಿತ್ರದುದ್ದಕ್ಕೂ ಪ್ರತಿ ಹೊಡೆತಕ್ಕೂ ಮೊದಲು ಅದೇ ಮಾತಿರಲಿ ಎಂದು ನಿರ್ದೇಶಕಿ ತೀರ್ಮಾನಿಸಿದಳು. ಅವನಿಗೂ ತಲೆ ತಿರುಗಿತ್ತು. ಅಷ್ಟು ವರ್ಷ ಒದೆ ತಿಂದವನಿಗೆ ಚಪ್ಪಾಳೆಯ ರುಚಿ ಹತ್ತಿದ್ದು ಅದೇ ಮೊದಲು.

ಆ ಮಾತು ಅವರ ಅಪ್ಪನದು. ಅಪ್ಪ ಕೂಗಾಡುವ ಪೈಕಿ ಅಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದು, ಅಂಗಿ ಕಳಚಿ ಮೊಳೆಗೆ ನೇತುಹಾಕಿ, ಮಗಳನ್ನು ಕರೆದು ಜೇನಿನಂಥ ದನಿಯಲ್ಲಿ ಬಾಗಿಲು ಹಾಕಮ್ಮ ಎನ್ನುತ್ತಿದ್ದ. ಮಗಳು ಹಾಕಬೇಕು. ಆಮೇಲೆ ಅಮ್ಮನಿಗೆ ಬೆಲ್ಟು. ಅಮ್ಮ ಹೋದ ಮೇಲೆ ಬಾಗಿಲು ಹಾಕಿದವಳಿಗೇ ಬೆಲ್ಟು. ಅಕ್ಕ ತಮ್ಮನನ್ನು ಮಂಚದಡಿಗೆ ತಳ್ಳಿ ತಾನು ಮುಂದೆ ನಿಲ್ಲುತ್ತಿದ್ದಳು. ಒಂದೇ ಸಲ ಇವನು ಹೊರಗೆ ಬಂದಿದ್ದ. ಬೆಲ್ಟಿನ ಬಕಲ್ಲು ಹುಬ್ಬಿಗೆ ಬಿತ್ತು. ಅಕ್ಕನ ಎಡಗಿವಿ ಮಂದವಾದದ್ದೂ ಅದೇ ದಿನ. ಇಷ್ಟು ಮಾಡಿದ ಮನುಷ್ಯ ಕೊನೆಗೆ ನಿದ್ದೆಯಲ್ಲಿ, ಯಾರಿಗೂ ತಿಳಿಯದಂತೆ ಪ್ರಾಣ ಬಿಟ್ಟ. ಪುಣ್ಯವಂತನ ಸಾವು ಎಂದು ಊರಿನ ನೆರೆಯವರು ಫೋನಿನಲ್ಲಿ ಹೇಳಿದರಂತೆ. ಅಕ್ಕ ಫೋನ್ ಇಟ್ಟು, ಕೈಯಲ್ಲಿದ್ದ ಹಾಸಿಗೆ ಬಟ್ಟೆಗೆ ಮತ್ತೆ ಇಸ್ತ್ರಿ ಹಾಕತೊಡಗಿದ್ದಳು. ಬಟ್ಟೆ ಕರಕಲಾಗಿ ಹೊಗೆ ಬಂದರೂ ಇಸ್ತ್ರಿ ಪೆಟ್ಟಿಗೆ ಎತ್ತಿರಲಿಲ್ಲ.

ಚಿತ್ರದ ಕೆಲಸ ಪೂರ್ತಿಯಾಗುವ ಮೊದಲೇ ಕಲಾವಿದರ ಮನೆಯವರಿಗೆಂದು ಒಂದು ಪ್ರದರ್ಶನ ಇಟ್ಟಿದ್ದರು. ಅಕ್ಕ ನಗಲು ತಯಾರಾಗಿಯೇ ಬಂದಿದ್ದಳು. ಕತ್ತಲಲ್ಲಿ ತಮ್ಮನ ಮೊಣಕೈ ತಿವಿದು, ಇವತ್ತು ಬದನೆಕಾಯೋ ಬೆಂಡೆಕಾಯೋ, ಎಂದು ಕೇಳಿದಳು. ಅಪ್ಪನ ಮಾತಿನ ವಿಷಯ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡು ನುಂಗಿಕೊಂಡಿದ್ದ ಹೇಡಿ ಅವನು. ಪರದೆಯ ಮೇಲೆ ಅವನದೇ ದೊಡ್ಡ ಮುಖ ಬಗ್ಗಿತು. ಬಾಗಿಲು ಹಾಕಮ್ಮ. ಪಕ್ಕದ ಸೀಟಿನಲ್ಲಿ ಅಕ್ಕನ ಎರಡೂ ಕೈ ತಲೆಯ ಮೇಲೆ ಹೋದವು. ಮೊಣಕೈ ಮಡಚಿ, ಕಿವಿ ಮುಚ್ಚಿ, ಐವತ್ತು ದಾಟಿದ ಹೆಂಗಸು ಹುಡುಗಿಯಂತೆ ಮುದುಡಿದಳು. ಬೆಲ್ಟು ಬೀಸಿದ ಸದ್ದಾಯಿತು. ಅವಳು ಎದ್ದು, ಯಾರ ಯಾರದೋ ಕಾಲು ತುಳಿಯುತ್ತ ಹೊರಗೆ ನಡೆದುಬಿಟ್ಟಳು.

ಮನೆಯಲ್ಲಿ ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಮರುದಿನ ಅಡುಗೆಮನೆಯಲ್ಲಿ ಅವಳ ಹಿಂದಿನಿಂದ ಕೈಚಾಚಿ ಮೇಲಿನ ಗೂಡಿನ ಲೋಟ ತೆಗೆಯಲು ಹೋದ. ಅವಳು ಗಕ್ಕನೆ ಕುಗ್ಗಿ ಒಲೆಗೆ ಅಂಟಿಕೊಂಡಳು. ಮುಂಗೈ ಸುಟ್ಟಿತು.

"ನೀನೇ ಅಂತ ಗೊತ್ತು ಕಣೋ," ಎಂದಳು, ನೀರಿಗೆ ಕೈ ಹಿಡಿದು. "ಮೈಗೆ ಗೊತ್ತಾಗ್ತಿಲ್ಲ."

ಅವನಿಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿದ್ದ ಆ ಮುಖಕ್ಕೆ ಗುದ್ದಿದ. ಗಾಜು ಪುಡಿಯಾದ ಮೇಲೂ ಗೋಡೆಗೆ ಗುದ್ದುತ್ತಲೇ ಇದ್ದ. ಬೆರಳ ಗೆಣ್ಣುಗಳು ಹರಿದು ರಕ್ತ ಚಿಮ್ಮಿತು, ಈ ಸಲ ಪಾಕವಲ್ಲ. ಹೊರಬಂದು ನೋಡಿದರೆ ಅಕ್ಕ ಮಂಚದ ಪಕ್ಕದ ಮೂಲೆಯಲ್ಲಿ ನಿಂತು ನಡುಗುತ್ತಿದ್ದಳು. ಗೋಡೆಗೆ ಬಿದ್ದ ಗುದ್ದುಗಳೂ ಅವಳಿಗೆ ಅಪ್ಪನವೇ ಆಗಿದ್ದವು. ಅಲ್ಲಿಂದಾಚೆಗೆ ಅವನು ಮನೆಯಲ್ಲಿ ಕೆಮ್ಮುತ್ತ ಓಡಾಡತೊಡಗಿದ, ತಾನು ಎಲ್ಲಿದ್ದೇನೆಂದು ಅವಳಿಗೆ ಮೊದಲೇ ತಿಳಿಯಲೆಂದು. ಅಕ್ಕನಿಗೆ ತನ್ನನ್ನು ಕಂಡರೆ ಭಯ! ಇದಕ್ಕಿಂತ ಪೆಟ್ಟಿಗೆ ಹೊರುತ್ತ ಸಾಯಬಹುದಿತ್ತು ಎನಿಸಿತು.

ಆ ಮಾತನ್ನು ಚಿತ್ರದಿಂದ ಕಿತ್ತುಹಾಕಬೇಕು, ಅಷ್ಟೇ. ಕಸುಬು ಕೈಯಲ್ಲಿತ್ತು. ತುಟಿ ಅಲುಗಿದ್ದನ್ನು ಬದಲಿಸಲಾಗದು, ಆದರೆ ಅದೇ ತುಟಿಗೆ ಕೂರುವ ಬೇರೆ ಮಾತು ತುಂಬಬಹುದು. ಮೊದಲು ತುಟಿ ಮುಚ್ಚಿ ತೆರೆಯುವ 'ಬಾ', ಕೊನೆಯಲ್ಲಿ ಒತ್ತಿ ಮುಚ್ಚುವ 'ಮ್ಮ', ನಡುವೆ ಏನು ಬೇಕಾದರೂ ಇರಲಿ. 'ಬಾಟಲಿ ತಾರಮ್ಮ' ಅಚ್ಚುಕಟ್ಟಾಗಿ ಕೂತಿತು. ನಿರ್ದೇಶಕಿಯ ಬಳಿ ಹೋಗಿ, ಈಗಿರುವ ಮಾತು ನಮ್ಮ ಭಾಷೆಯಲ್ಲಿ ಬಹಳ ಹೊಲಸು ಎಂದು ಸುಳ್ಳು ಹೇಳಿದ. ಅವಳು ನಂಬಲಿಲ್ಲ. ಇಡೀ ಚಿತ್ರ ನಿಂತಿರುವುದೇ ಆ ದನಿಯ ಮೇಲೆ, ಅದು ಹೋದರೆ ನಿನ್ನ ಪಾತ್ರಕ್ಕೂ ಕತ್ತರಿ ಬೀಳುತ್ತದೆ, ಮತ್ತೆ ಮೂರನೆಯ ರೌಡಿಯೇ ಆಗುತ್ತೀಯ, ಎಂದಳು. ಬೀಳಲಿ, ಎಂದ. ಹೇಗೂ ನೀನು ಸಾಯುವ ದೃಶ್ಯಕ್ಕೆ ಇನ್ನೂ ದನಿ ಕೊಟ್ಟಿಲ್ಲ, ಆ ದಿನವೇ ಇದನ್ನೂ ಮಾಡಿ ಮುಗಿಸು, ಎಂದು ಅವಳು ಮುಖ ತಿರುಗಿಸಿದಳು.

ಅಕ್ಕನಿಗೆ ಎಲ್ಲವನ್ನೂ ಹೇಳಿದ. ಬಾಟಲಿ ಎಂದಾಗ ಅವಳ ತುಟಿ ಕೊಂಚ ಸಡಿಲವಾಯಿತು, ನಗು ಮಾತ್ರ ಬರಲಿಲ್ಲ. ಬಹಳ ಹೊತ್ತು ಬಟ್ಟೆ ಮಡಚಿದಳು.

"ನಾನು ಅರ್ಧಕ್ಕೇ ಎದ್ದು ಬಂದೆ," ಎಂದಳು. "ಕೊನೇಲಿ ಅವನು ಸಾಯ್ತಾನಾ?"

"ಸಾಯ್ತಾನೆ."

"ಹೇಗೆ?"

ಕಟ್ಟಿಹಾಕಿದ ಹೆಂಗಸು ಹಗ್ಗ ಬಿಡಿಸಿಕೊಂಡು, ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರಿನಿಂದ ಹೊಡೆದು ಕೊಲ್ಲುತ್ತಾಳೆ ಎಂದು ಹೇಳಿದ. ಅಕ್ಕ ಮಡಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ನಾನೂ ಬರ್ತೀನಿ," ಎಂದಳು.

ರೆಕಾರ್ಡಿಂಗ್ ಕೋಣೆಯಲ್ಲಿ ಅವಳನ್ನು ಗಾಜಿನ ಆಚೆ, ಯಂತ್ರ ನಡೆಸುವವನ ಪಕ್ಕದಲ್ಲಿ ಕೂರಿಸಿದರು. ಒಳಗಿದ್ದವನಿಗೆ ಮಾತು ಕೇಳಿಸಬೇಕಾದರೆ ಒಂದು ಗುಂಡಿ ಒತ್ತಿ ಮಾತಾಡಬೇಕು. ಯಂತ್ರದವನು ಅದನ್ನು ಒತ್ತುವುದನ್ನು ಅವಳು ನೋಡಿಕೊಂಡಳು. ಬಾಟಲಿಯ ಮಾತಿಗೆ ಚಿತ್ರ ಓಡಿಸಲು ಹೊರಟಾಗ ಅವನ ಕೈ ತಡೆದು ತಾನೇ ಗುಂಡಿ ಒತ್ತಿದಳು.

"ಅದು ಹಾಗೇ ಇರಲಿ," ಎಂಬ ದನಿ ತಮ್ಮನ ಕಿವಿಯೊಳಗೆ ಬಂತು. "ಅಪ್ಪನೇ ಇರಲಿ. ಸಾಯೋದನ್ನ ತೋರ್ಸು."

ಚಿತ್ರ ಓಡಿತು. ಗ್ಯಾರೇಜಿನ ಎಣ್ಣೆ ಮೆತ್ತಿದ ನೆಲ. ಸ್ಪ್ಯಾನರ್ ಎತ್ತಿದ ಹೆಂಗಸು. ಮೊದಲ ಏಟು ಮೊಣಕಾಲಿಗೆ, ಎರಡನೆಯದು ದವಡೆಗೆ, ಆಮೇಲೆ ಲೆಕ್ಕವಿಲ್ಲ. ಅವನು ಏಟೇಟಿಗೂ ದನಿ ಕೊಟ್ಟ. ಮೂಳೆ ಮುರಿದದ್ದು, ಬಾಯಲ್ಲಿ ಹಲ್ಲು ಉದುರಿದ್ದು, ಉಸಿರು ರಕ್ತದಲ್ಲಿ ಗುಳುಗುಳು ಎಂದದ್ದು, ಎಲ್ಲ. ಯಂತ್ರದವನು ಚೆನ್ನಾಗಿ ಬಂತು ಎಂದು ಹೆಬ್ಬೆರಳೆತ್ತಿದ. ಗುಂಡಿ ಮತ್ತೆ ಕಿರುಗುಟ್ಟಿತು.

"ಇನ್ನೊಂದ್ಸಲ," ಎಂದಳು ಅಕ್ಕ. "ಅಷ್ಟು ಬೇಗ ಸಾಯ್ಬೇಡ."

ಇನ್ನೊಮ್ಮೆ ಸತ್ತ. ಸಾಲದು ಎಂದಳು. ಮತ್ತೆ ಸತ್ತ. ಗಾಜಿನ ಆಚೆ ಅವಳು ಎದ್ದು ನಿಂತಿದ್ದಳು. ಏಟು ಬಿದ್ದಾಗಲೆಲ್ಲ ಅವಳ ಮುಷ್ಟಿ ಗಾಳಿಯಲ್ಲಿ ಕೆಳಗಿಳಿಯುತ್ತಿತ್ತು. ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಯಂತ್ರದವನು ಕುರ್ಚಿ ಸರಿಸಿ ದೂರ ಕೂತಿದ್ದ. ಇವನ ಗಂಟಲು ಹರಿದು ಬಾಯಿಗೆ ಉಪ್ಪು ರುಚಿ ಬಂತು. ಆದರೂ ನಿಲ್ಲಿಸಲಿಲ್ಲ. ಇಷ್ಟು ವರ್ಷ ಯಾರ ಯಾರದೋ ಸಾವು ಸತ್ತಿದ್ದ. ಅಪ್ಪ ಸಾಯಬೇಕಾಗಿದ್ದ ಸಾವನ್ನು ಈಗ ಸಾಯುತ್ತಿದ್ದ.

ಕೊನೆಯ ಸಲ ದೃಶ್ಯದ ತುದಿಗೆ ಬಂದಾಗ ಪರದೆಯ ಮನುಷ್ಯ ಬೆನ್ನು ಮಾಡಿ ಬಿದ್ದಿದ್ದ. ತುಟಿ ಕಾಣದಿದ್ದರೆ ಯಾವ ಮಾತಾದರೂ ಕೂರುತ್ತದೆ. ಅವನು ಕಿರುಚುವುದನ್ನು ಬಿಟ್ಟು ದನಿ ತಗ್ಗಿಸಿದ. ಅಪ್ಪನ ಅದೇ ಜೇನಿನ ದನಿ.

"ತಪ್ಪಾಯ್ತಮ್ಮ," ಎಂದ. "ನಂದು ತಪ್ಪಾಯ್ತು. ಹೊಡೀಬೇಡಮ್ಮ."

ಗಾಜಿನ ಆಚೆ ಮುಷ್ಟಿ ಅಲ್ಲೇ ನಿಂತಿತು. ಬೆರಳುಗಳು ಬಿಡಿಸಿಕೊಂಡವು. ಅಕ್ಕ ಮುಖಕ್ಕೆ ಸೆರಗೊತ್ತಿ ಗಟ್ಟಿಯಾಗಿ ಅತ್ತಳು. ದಪ್ಪ ಗಾಜಿನಿಂದಾಗಿ ಅವನಿಗೆ ಸದ್ದೇನೂ ಕೇಳಿಸಲಿಲ್ಲ, ಅಲುಗುವ ಭುಜಗಳಷ್ಟೇ ಕಂಡವು. ಅವಳು ಗುಂಡಿಗಾಗಿ ತಡಕಾಡಿದಳು.

"ಸಾಕು ಬಾರೋ," ಎಂದಳು. "ಗಂಟಲು ಏನಾಗ್ಬೇಕು? ಬಂದು ಒಂದಿಷ್ಟು ಬಿಸಿನೀರು ಕುಡಿ."