ಅದ್ರಾಮಾಕನ ನೂರಿಪ್ಪತ್ತು ಡ್ರಾಯರುಗಳು

ಅದ್ರಾಮಾಕ ಪ್ರತಿ ಡ್ರಾಯರ್ ಮುಚ್ಚಿದ ಕೂಡಲೇ ತಮ್ಮ ಬೆರಳು ಮೂಸಿ ನೋಡುತ್ತಿದ್ದರು. ಮೂಸಿ ತಲೆಯಾಡಿಸಿದರೆ ತೆಗೆದ ಬೇರು ಸರಿಯಾದದ್ದೇ ಎಂದು ಅರ್ಥ. ಬಹ್ರೇನಿನ ಮನಾಮಾದಲ್ಲಿ, ಸೂಕ್ ಎಂಬ ಹಳೆಯ ಪೇಟೆಯ ಹಿಂದಿನ ಗಲ್ಲಿಯಲ್ಲಿರುವ ಲೀ ಮೇಡಂ ಅವರ ಚೀನೀ ಮದ್ದಿನ ಅಂಗಡಿಯಲ್ಲಿ ಸೀಲಿಂಗಿಗೆ ತಾಗುವಂಥ ಒಂದು ಮರದ ಕಪಾಟು ಇದೆ. ಎಂಟು ಸಾಲು, ಸಾಲಿಗೆ ಹದಿನೈದು, ಒಟ್ಟು ನೂರಿಪ್ಪತ್ತು ಡ್ರಾಯರುಗಳು. ಒಂದೊಂದರ ಮೇಲೂ ಕಪ್ಪು ಶಾಯಿಯ ಚೀನೀ ಅಕ್ಷರ. ಅದರಲ್ಲಿ ಒಂದಕ್ಷರವೂ ಅದ್ರಾಮಾಕನಿಗೆ ಓದಲು ಬರುತ್ತಿರಲಿಲ್ಲ. ಉಳ್ಳಾಲದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡವೇ ಅವರ ಒಟ್ಟು ವಿದ್ಯೆ. ಆದರೂ ಇಪ್ಪತ್ತೆರಡು ವರ್ಷ ಆ ಕಪಾಟಿನ ಮುಂದೆ ನಿಂತು ಮದ್ದು ಕಟ್ಟಿದವರು ಅವರೊಬ್ಬರೇ.

ಹೆಸರು ಅಬ್ದುಲ್ ರಹಿಮಾನ್. ಬ್ಯಾರಿಗಳ ಬಾಯಲ್ಲಿ ಅದು ಅದ್ರಾಮ ಆಗಿ, ಹಿರಿಯರೆಂದು ‘ಕಾಕ’ ಸೇರಿ, ಅದ್ರಾಮಾಕ ಆಗಿತ್ತು. ನಾನು ವಿನ್ಸೆಂಟ್, ಕಟಪಾಡಿ ಕಡೆಯವನು, ಅದೇ ಅಂಗಡಿಯ ವ್ಯಾನ್ ಡ್ರೈವರ್. ಮೀನಾ ಸಲ್ಮಾನ್ ಬಂದರಿನ ಗೋದಾಮುಗಳ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಬೆಳಿಗ್ಗೆ ಕೋಣೆಯಿಂದ ಅಂಗಡಿಗೆ, ಸಂಜೆ ಅಂಗಡಿಯಿಂದ ಕೋಣೆಗೆ. ನಡುವೆ ಸಿಗುವ ಆಕಾಶವೆಂದರೆ ವ್ಯಾನಿನ ಗಾಜಿನಲ್ಲಿ ಕಾಣುವಷ್ಟು.

ಅವರ ಕೆಲಸದ ರೀತಿ ಹೀಗಿತ್ತು. ಒಳಗಿನ ಕೋಣೆಯಲ್ಲಿ ಮೇಡಂ ರೋಗಿಯ ನಾಡಿ ಹಿಡಿದು, ನಾಲಿಗೆ ನೋಡಿ, ಬೇಕಾದ ಮದ್ದುಗಳನ್ನು ಚೀನೀ ಹೆಸರಿನಲ್ಲಿ ಒಂದೊಂದಾಗಿ ಕೂಗುತ್ತಿದ್ದರು. ಇತ್ತ ಅದ್ರಾಮಾಕ ಡ್ರಾಯರ್ ಎಳೆದು, ಸಣ್ಣ ಕೈತಕ್ಕಡಿಯಲ್ಲಿ ತೂಗಿ, ಕೌಂಟರಿನ ಬಿಳಿ ಕಾಗದದ ಮೇಲೆ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಗುಡ್ಡೆಗಳನ್ನು ಬೆರೆಸುವಂತಿಲ್ಲ. ಕೂಗಿದ ಕ್ರಮದಲ್ಲೇ ಸಾಲಾಗಿ ಇರಬೇಕು. ಮೇಡಂ ಹೊರಗೆ ಬಂದು, ಒಂದೊಂದನ್ನೂ ಕಣ್ಣಲ್ಲಿ ಪರೀಕ್ಷಿಸಿ, ‘ಠೀಕ್’ ಅಂದ ಮೇಲೆಯೇ ಕಟ್ಟುವುದು.

ಚೀನೀ ಹೆಸರು ಕಿವಿಯಲ್ಲಿ ನಿಲ್ಲಲೆಂದು ಅವರು ಎಲ್ಲದಕ್ಕೂ ಒಂದೊಂದು ಅಡ್ಡಹೆಸರು ಇಟ್ಟಿದ್ದರು. ಮರೆವಿನವರಿಗೆ ಮೇಡಂ ಕೊಡುತ್ತಿದ್ದ ಕಟ್ಟಿನಲ್ಲಿ ಮುಖ್ಯವಾಗಿ ನಾಲ್ಕು ಇರುತ್ತಿದ್ದವು. ಚಾಂಗ್ ಪೂ ಎಂಬ ಬೇರಿಗೆ ನಮ್ಮೂರಲ್ಲಿ ಮಕ್ಕಳಿಗೆ ತೇದು ನೆಕ್ಕಿಸುವ ಬಜೆಯದೇ ವಾಸನೆ. ಅದು ‘ಬಜೆಯ ತಂಗಿ’. ನಡುವಿನ ನಾರು ಎಳೆದು ತೆಗೆದ ಯುವಾನ್ ಜಿ ‘ಟೊಳ್ಳು ಬೇರು’. ಬಿಳಿ ತುಂಡುಗಳಾಗಿ ಬರುವ ಫೂ ಶೆನ್ ‘ಸೀಮೆಸುಣ್ಣ’. ಕಂದು ಬಣ್ಣದ ಹೊಳೆಯುವ ಚಪ್ಪಟೆ ಬೀಜಕ್ಕೆ, ನಮ್ಮ ಕೋಣೆಯ ಹಾಸಿಗೆಯ ನೆನಪಿನಿಂದ, ‘ತಿಗಣೆ’.

"ಇಷ್ಟೆಲ್ಲ ಹೇಗೆ ನೆನಪಿಡ್ತೀರಿ?" ಎಂದು ಮೊದಲ ವಾರವೇ ಕೇಳಿದ್ದೆ.

"ಕೈಗೆ ಗೊತ್ತುಂಟು. ನನ್ನನ್ನು ಕೇಳಬೇಡ," ಅಂದರು. ನಾನು ಕುತೂಹಲಕ್ಕೆ ಯಾವುದಾದರೂ ಡ್ರಾಯರ್ ತೆರೆದು ನಿಂತರೆ ತಿರುಗಿಯೂ ನೋಡದೆ ಗದರಿಸುತ್ತಿದ್ದರು: "ಮುಚ್ಚು ಮಾರಾಯ, ವಾಸನೆ ಹೋಗ್ತದೆ."

ಜುಫೈರ್ ಬಡಾವಣೆಯ ಹಿಲ್ಡಾ ಬಾಯಮ್ಮ ಎಂಬ ಮಂಗಳೂರಿನ ಹೆಂಗಸು ಗಂಡನಿಗಾಗಿ ಈ ಮರೆವಿನ ಕಟ್ಟು ಒಯ್ಯುತ್ತಿದ್ದರು. ಒಂದು ದಿನ ಬಾಟಲಿಯಲ್ಲಿ ಕೆಸರಿನಂಥದ್ದೇನನ್ನೋ ತುಂಬಿಕೊಂಡು ಬಂದು, "ಇದು ಹೀಗೇ ಇರ್ಬೇಕಾ?" ಎಂದು ಕೌಂಟರಿನ ಮೇಲಿಟ್ಟರು. ವಿಚಾರಿಸಿದರೆ ಮದ್ದನ್ನು ಕುಕ್ಕರಿಗೆ ಹಾಕಿ ಮೂರು ಸೀಟಿ ಹಾಕಿಸಿದ್ದರು.

"ಇದು ಕಡಲೆ ಅಲ್ಲ ಬಾಯಮ್ಮ," ಎಂದರು ಅದ್ರಾಮಾಕ. "ಮಣ್ಣಿನ ಪಾತ್ರೆ, ಸಣ್ಣ ಬೆಂಕಿ. ಮೂರು ಬಟ್ಟಲು ನೀರು ಹಾಕಿ ಒಂದು ಬಟ್ಟಲಿಗೆ ಇಳಿಸಿ. ಅದೇ ಚರಟವನ್ನು ಪುನಃ ಒಂದು ಸಲ ಕುದಿಸಿ. ಎರಡು ಕಷಾಯವನ್ನೂ ಸೇರಿಸಿ, ಅರ್ಧ ಬೆಳಿಗ್ಗೆ, ಅರ್ಧ ಸಂಜೆ."

"ಬೆಲ್ಲ ಹಾಕ್ಬಹುದಾ? ಅವ್ರು ಉಗಿದುಬಿಡ್ತಾರೆ."

"ಹಾಕಿ. ಮತ್ತೆ ಅವರು ಮದ್ದು ಮರ್ತು ಬೆಲ್ಲ ಮಾತ್ರ ನೆನಪಿಟ್ಕೊಂಡ್ರೆ ನನ್ನನ್ನು ಬೈಬೇಡಿ."

ಬಾಯಮ್ಮ ಎಷ್ಟೋ ದಿನಗಳ ಮೇಲೆ ನಕ್ಕಿರಬೇಕು, ನಗುತ್ತಲೇ ಕಣ್ಣೊರೆಸಿಕೊಂಡರು. ಆ ಮದ್ದಿನಿಂದ ಅವರ ಗಂಡನಿಗೆ ನೆನಪು ಮರಳಿತೆಂದು ನಾನು ಹೇಳಲಾರೆ. ನಿದ್ದೆ ಸ್ವಲ್ಪ ಬರುತ್ತದೆ ಎಂದು ಬಾಯಮ್ಮ ಹೇಳುತ್ತಿದ್ದರು. ಮೇಡಂ ಕೂಡ ಯಾರಿಗೂ ಖಾತ್ರಿ ಕೊಡುತ್ತಿರಲಿಲ್ಲ. ಮೊದಲು ಆಸ್ಪತ್ರೆಗೆ ತೋರಿಸಿ, ಅಲ್ಲಿಯ ಗುಳಿಗೆಗಳ ಪಟ್ಟಿ ತಂದವರಿಗೆ ಮಾತ್ರ ಕೊಡುತ್ತಿದ್ದರು.

ಅದೇ ಬಾಯಮ್ಮನ ಕಟ್ಟಿನಲ್ಲಿ ನಾನು ಮೊದಲ ತಪ್ಪು ಕಂಡದ್ದು. ಕೂಗುವುದನ್ನೂ ಗುಡ್ಡೆ ಬೀಳುವುದನ್ನೂ ಐದು ವರ್ಷ ನೋಡಿ ನೋಡಿ ನನಗೂ ಆ ನಾಲ್ಕು ಗುರುತಾಗಿದ್ದವು. ತಿಗಣೆ ಇರಬೇಕಾದ ಜಾಗದಲ್ಲಿ ಯಾವುದೋ ಬಿಳಿ ಬೀಜ ಬಿದ್ದಿತ್ತು. ಅದ್ರಾಮಾಕ ಬೆರಳು ಮೂಸಿ, ಎಂದಿನಂತೆ ತಲೆಯಾಡಿಸಿ, ಮುಂದಿನ ಡ್ರಾಯರಿಗೆ ಕೈ ಹಾಕಿದರು. ನನಗೆ ಹೆದರಿಕೆಯಾದದ್ದು ಬೀಜ ನೋಡಿ ಅಲ್ಲ, ಆ ತಲೆಯಾಡಿಸಿದ್ದನ್ನು ನೋಡಿ. ಮೇಡಂ ಬರುವಷ್ಟರಲ್ಲಿ ನಾನು ಗುಡ್ಡೆ ಬದಲಿಸಿದೆ.

ಸಂಜೆ ವ್ಯಾನಿನಲ್ಲಿ ಕೇಳಿದೆ. ರಸ್ತೆ ನೋಡುತ್ತಲೇ ಹೇಳಿದರು:

"ಹೋದ ಸಲ ಊರಿಗೆ ಹೋದದ್ದಲ್ವಾ, ನಮಾಜು ಮುಗಿಸಿ ಪಳ್ಳಿಯಿಂದ ಮಗಳ ಮನೆಗೆ ದಾರಿ ಸಿಗ್ಲಿಲ್ಲ. ಐದು ನಿಮಿಷದ ದಾರಿ. ಮೀನು ಮಾರುವ ಹುಡುಗ ಬಿಟ್ಟು ಹೋದ. ಸುಹರಾಗೆ ಹೇಳ್ಲಿಲ್ಲ. ಅಂಗಡಿಯ ಒಳಗೆ ಹಾಗಾಗೂದಿಲ್ಲ ಮಾರಾಯ. ಒಳಗೆ ನಾನು ಸರಿ ಇದ್ದೇನೆ."

"ಆಸ್ಪತ್ರೆಗೆ ತೋರಿಸುವಾ."

"ತೋರಿಸಿದ್ರೆ ಕಾಗದದಲ್ಲಿ ಬರೀತಾರೆ. ವೀಸಾ ರಿನ್ಯೂ ಆಗ್ತದಾ ಮತ್ತೆ? ಖಲ್ಲಿವಲ್ಲಿ. ಬಿಡು."

ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳು ಸುಹರಾ ಅಪ್ಪನನ್ನು ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಇವರಿಗೆ ಹೋಗಲು ಭಯ. ಆ ಕಪಾಟಿನ ಮುಂದೆ ನಿಂತಿರುವವರೆಗೆ ಅವರು ಅದ್ರಾಮಾಕ. ಅಲ್ಲಿಂದ ಹೊರಗೆ ಕಾಲಿಟ್ಟರೆ ಯಾರೋ ಒಬ್ಬ ಮುದುಕ. ಒಂದು ಶುಕ್ರವಾರ ನಮಾಜು ಮುಗಿಸಿದವರು ಕೋಣೆಗೆ ಬರಲೇ ಇಲ್ಲ. ಹುಡುಕಿಕೊಂಡು ಹೋದರೆ ಮನಾಮಾ ಬಸ್‌ಸ್ಟ್ಯಾಂಡಿನಲ್ಲಿ, ಸುಡುವ ಬಿಸಿಲಲ್ಲಿ, ಸಿಪಿಆರ್ ಎಂಬ ಗುರುತಿನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಕಾರ್ಡಿನಲ್ಲಿ ತಮ್ಮ ಫೋಟೊ ಇದೆ ಎಂಬುದೊಂದೇ ಅವರಿಗೆ ಆಗ ಧೈರ್ಯ.

ಅಲ್ಲಿಂದ ನಾನೂ ಸಿಕ್ಕಿಬಿದ್ದೆ. ಮೇಡಂ ಕೂಗುವ ಹೊತ್ತಿಗೆ ಏನಾದರೂ ನೆಪ ಹೇಳಿ ಡೆಲಿವರಿ ಮುಂದಕ್ಕೆ ಹಾಕಿ ಕೌಂಟರಿನ ಬಳಿಯೇ ಸುಳಿದಾಡುತ್ತಿದ್ದೆ. ಹತ್ತು ಕಟ್ಟಿಗೆ ಒಂದು ತಪ್ಪು, ಆಮೇಲೆ ಎರಡು. ನನಗೆ ಗುರುತು ಸಿಗದ್ದು ಮೇಡಂ ಕಣ್ಣಿಗೆ ಬಿದ್ದರೆ, ಕೈಜಾರಿತು ಎಂದು ಇಬ್ಬರೂ ನಗುತ್ತಿದ್ದೆವು. ಆ ವರ್ಷ ನಾನು ರಜೆ ಹಾಕಲಿಲ್ಲ. ಹೆಂಡತಿ ಫೋನಿನಲ್ಲಿ ಜಗಳವಾಡಿದಳು. ಯಾಕೆಂದು ಅವಳಿಗೂ ಹೇಳಲಿಲ್ಲ. ಸುಳ್ಳು ಹೇಳುವುದಲ್ಲ, ಹೇಳಿದ ಸುಳ್ಳನ್ನು ದಿನಾ ಕಾಯುವುದು ದೊಡ್ಡ ಕೆಲಸ. ಕೆಲವು ದಿನ ಅವರ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು. ಮರೆವಿನ ಕಟ್ಟು ಕಟ್ಟುವಾಗ ಮಿಕ್ಕ ಚೂರುಪಾರನ್ನು ಅಂಗಡಿಯ ಹಿಂದಿನ ಒಲೆಯಲ್ಲಿ ಕುದಿಸಿ, ಯಾರಿಗೂ ಕಾಣದಂತೆ ಅವರು ಕುಡಿಯುವುದನ್ನು ಕಂಡಾಗ ಸಿಟ್ಟು ಇಳಿಯುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಅಂಥ ಬುದ್ಧಿವಂತಿಕೆ ನನಗೆ ಯಾಕಾದರೂ ಬಂತೋ. ಡ್ರಾಯರುಗಳ ಒಳಗಡೆ ಕನ್ನಡದಲ್ಲಿ ಚೀಟಿ ಅಂಟಿಸಿದರೆ? ನಾಲ್ಕನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕು. ಮೇಡಂ ಬರದ ಒಂದು ಶುಕ್ರವಾರ ನಮ್ಮ ಹತ್ತಿರವಿದ್ದ ಕೀಯಿಂದ ಬಾಗಿಲು ತೆಗೆದು ಒಳಗೆ ಕೂತೆವು. ಅವರು ಒಂದೊಂದೇ ಡ್ರಾಯರ್ ಎಳೆದು, ಮುಟ್ಟಿ, ಮೂಸಿ, ಚೀನೀ ಹೆಸರು ಹೇಳಿ ಅಡ್ಡಹೆಸರು ಹೇಳುವುದು. ನಾನು ಎರಡನ್ನೂ ಕನ್ನಡದಲ್ಲಿ ಬರೆದು ಅಂಟಿಸುವುದು. ಯಾವ ಬೇರನ್ನು ಯಾರಿಗೆ ಮೊದಲು ಕಟ್ಟಿದ್ದು, ಯಾವ ಹೂವಿನ ಧೂಳಿಗೆ ಮೇಡಂ ಸೀನಿ ಸೀನಿ ಕನ್ನಡಕ ಬೀಳಿಸಿದ್ದು, ಎಲ್ಲ ಹೇಳುತ್ತಾ ಹೋದರು. ಅವರಿಗೇ ಅನುಮಾನ ಬಂದಲ್ಲಿ ಕಣ್ಣು ಮುಚ್ಚಿ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಕೈ ತಾನಾಗಿ ಜಾಗಕ್ಕೆ ಹೋಗುತ್ತಿತ್ತು. ಸಂಜೆಯ ಅಸರ್ ನಮಾಜಿನ ಬಾಂಗ್ ಆಗುವ ಹೊತ್ತಿಗೆ ನೂರಿಪ್ಪತ್ತೂ ಮುಗಿದಿತ್ತು. ಅಷ್ಟು ಸಂತೋಷದ ದಿನ ನಾನು ಬಹ್ರೇನಿನಲ್ಲಿ ಇನ್ನೊಂದು ಕಂಡಿಲ್ಲ.

ಕೊನೆಯ ಚೀಟಿಯನ್ನು ಅವರು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. "ಚಂದ ಬರ್ದಿದ್ದೀ," ಅಂದರು. ಡ್ರಾಯರ್ ಮುಚ್ಚಿ, "ಇನ್ನು ನಾನು ಇಲ್ಲದಿದ್ರೂ ಅಂಗಡಿ ನಡೀತದೆ."

"ಎಂತ ಮಾತದು?" ಎಂದು ನಾನು ಗದರಿದೆ. ಅವರಿಗೆ ಅರ್ಥವಾದದ್ದು ನನಗೆ ಆಗಿರಲಿಲ್ಲ.

ಮರುದಿನದಿಂದ ಕೈ ಮೊದಲಿನಂತೆ ಓಡಲಿಲ್ಲ. ಚೀಟಿ ಇದೆಯಲ್ಲ ಎಂದು ಕೈಯೂ ಸೋಮಾರಿಯಾಯಿತೋ ಏನೋ, ಪ್ರತಿ ಡ್ರಾಯರ್ ಎಳೆದು, ಕನ್ನಡಕ ಏರಿಸಿ, ಓದಿ, ಓದಿದ್ದನ್ನು ಮರೆತು, ಮತ್ತೆ ಓದುತ್ತಿದ್ದರು. ಕಾದು ಸಾಕಾಗಿ ಮೂರನೇ ದಿನ ಮೇಡಂ ಹೊರಗೆ ಬಂದರು. ಅರ್ಧ ತೆರೆದಿದ್ದ ಡ್ರಾಯರಿನಲ್ಲಿ ಚೀಟಿ ಕಂಡಿತು.

"ಯೇ ಕೌನ್ ಲಿಖಾ?"

ಬರೆದದ್ದು ನಾನೇ ಎಂದು ಒಪ್ಪಿಕೊಂಡೆ. ಮೇಡಂ ನನ್ನನ್ನು ಕೌಂಟರಿನ ಒಳಗೆ ಕರೆದು, ಅಲ್ಲೇ ನಿಂತು, ನಿಧಾನವಾಗಿ ಒಂಬತ್ತು ಹೆಸರು ಕೂಗಿದರು. ನಾನು ತಪ್ಪು ಮಾಡಬಹುದಿತ್ತು. ಬೇಕೆಂದೇ ತಪ್ಪು ಮಾಡಬೇಕಿತ್ತು ಎಂದು ಈಗ ಎಷ್ಟೋ ಸಲ ಅನಿಸುತ್ತದೆ. ಆಗ ಬೈಸಿಕೊಳ್ಳುವ ಹೆದರಿಕೆಯಲ್ಲಿ, ಚೀಟಿ ನೋಡಿಕೊಂಡು, ಒಂಬತ್ತೂ ಗುಡ್ಡೆಗಳನ್ನು ಸರಿಯಾಗಿ ಹಾಕಿದೆ. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಅದ್ರಾಮಾಕ ಮೊದಲನೆಯದಕ್ಕೆ, ಎರಡನೆಯದಕ್ಕೆ, ಒಂಬತ್ತಕ್ಕೂ ಸರಿ ಎಂದು ತಲೆಯಾಡಿಸಿದರು.

ಮೇಡಂ ಕೆಟ್ಟವರಲ್ಲ. ಅವರಿಗೆ ಮೊದಲೇ ಗೊತ್ತಿತ್ತಂತೆ. ಗುಡ್ಡೆ ಬದಲಿಸುವ ನನ್ನ ಕೈಯನ್ನೂ ಎರಡು ಸಲ ನೋಡಿದ್ದರಂತೆ. ಕಪಾಟು ಗೊತ್ತಿರುವವರು ಬೇರೆ ಯಾರೂ ಇಲ್ಲವೆಂದು ಸುಮ್ಮನಿದ್ದರು. ಈಗ ನೀನಿದ್ದೀ, ಅವನು ಮಗಳ ಹತ್ತಿರ ಇರಬೇಕಾದವನು ಎಂದು ತಮ್ಮ ಅರೆಬರೆ ಹಿಂದಿಯಲ್ಲಿ ಹೇಳಿದರು. ಟಿಕೆಟ್ ತೆಗೆದುಕೊಟ್ಟು, ಮೂರು ತಿಂಗಳಿಗಾಗುವ ಮರೆವಿನ ಕಟ್ಟನ್ನು ತಾವೇ ಕಟ್ಟಿ ಅವರ ಬ್ಯಾಗಿಗೆ ಹಾಕಿದರು.

ಏರ್‌ಪೋರ್ಟಿನಲ್ಲಿ, ಊರಿಗೆ ಹೊರಟಿದ್ದ ಹಿಲ್ಡಾ ಬಾಯಮ್ಮನ ತಮ್ಮನ ಜೊತೆ ಮಾಡಿ ಕಳಿಸಿದೆ. ಬಾಗಿಲಲ್ಲಿ ಅದ್ರಾಮಾಕ ತಟ್ಟನೆ ನಿಂತು ಜೇಬಿನಿಂದ ಅಂಗಡಿಯ ಕೀ ತೆಗೆದರು. "ಅಂಗಡಿ ತೆಗೆಯುವ ಹೊತ್ತಾಯ್ತು. ಮೇಡಂ ಕಾಯ್ತಾರೆ," ಅಂದರು. ನಾನು ತೆಗೆಯುತ್ತೇನೆ ಎಂದು ಕೈ ಚಾಚಿದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ನಿಮಗೆ ಅಂಗಡಿ ಗೊತ್ತುಂಟಾ?" ಎಂದು ಕೇಳಿದರು.

ಆರು ವರ್ಷ ಒಂದೇ ಕೋಣೆಯಲ್ಲಿದ್ದವನಿಗೆ ಅವರು ಹಾಗೆ ಬಹುವಚನ ಹಾಕಿದ್ದು ಅದೇ ಮೊದಲು. ಗೊತ್ತುಂಟು ಎಂದೆ. ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ಹೊರಟುಹೋದರು.

ಈಗ ಆ ಕಪಾಟಿನ ಮುಂದೆ ನಾನು ನಿಲ್ಲುತ್ತೇನೆ. ವ್ಯಾನಿಗೆ ಬೇರೆ ಡ್ರೈವರ್ ಬಂದಿದ್ದಾನೆ, ನೇಪಾಳದವನು, ಚುರುಕಾಗಿದ್ದಾನೆ. ಚೀಟಿಗಳನ್ನು ಇಂಗ್ಲಿಷಿನಲ್ಲೂ ಬರೆದಿಡು, ಆಮೇಲೆ ಆರಾಮಾಗಿ ರಜೆಗೆ ಹೋಗು ಎಂದು ಮೇಡಂ ಎರಡು ಸಲ ಹೇಳಿದ್ದಾರೆ. ಬರೆಯುತ್ತೇನೆ ಎಂದಿದ್ದೇನೆ, ಬರೆದಿಲ್ಲ. ನನ್ನ ಅಕ್ಷರ ಓದುವವರು ಆ ಗಲ್ಲಿಯಲ್ಲಿ ಬೇರೆ ಯಾರೂ ಇಲ್ಲ. ಹೆಂಡತಿ ಫೋನಿನಲ್ಲಿ ಜಗಳವಾಡುತ್ತಲೇ ಇದ್ದಾಳೆ.

ಅವರು ಹೋದ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಸುಹರಾ ಫೋನು ಮಾಡಿದಳು. "ವಿನ್ಸೆಂಟಣ್ಣ, ಬಾಪ ದಿನಾ ಇಡೀ ಮನೆಯ ಕಪಾಟು ತೆಗೀತಾರೆ, ಮುಚ್ತಾರೆ, ಕೈ ಮೂಸ್ತಾರೆ. ಎಂತ ಹುಡುಕ್ತಾರೆ ಅಂತ ಗೊತ್ತಾಗೂದಿಲ್ಲ. ಮಾತು ನಿಂತೇ ಹೋಗಿದೆ. ನೀವೊಮ್ಮೆ ಮಾತಾಡಿ."

ಫೋನನ್ನು ಅವರ ಕಿವಿಗೆ ಹಿಡಿದಳು. ಅದ್ರಾಮಾಕ, ನಾನು ವಿನ್ಸೆಂಟ್ ಎಂದೆ. ಅಂಗಡಿ, ಮೇಡಂ, ಕೋಣೆ, ಎಲ್ಲ ಹೇಳಿದೆ. ಬರೀ ಉಸಿರು ಕೇಳುತ್ತಿತ್ತು. ಏನೂ ತೋಚದೆ ಮೂರನೇ ಸಾಲಿನಲ್ಲಿ ಎಡದಿಂದ ಐದನೆಯದು, ಬಜೆಯ ತಂಗಿಯ ಡ್ರಾಯರಿನ ಹತ್ತಿರ ಫೋನು ಹಿಡಿದು ಅದನ್ನು ಎಳೆದೆ. ಹಳೆಯ ಮರ ಕಿರುಗುಟ್ಟಿತು. ಹಾಗೇ ತೆರೆದು ಹಿಡಿದು ನಿಂತೆ.

"ಮುಚ್ಚು ಮಾರಾಯ," ಅಂದರು ಅದ್ರಾಮಾಕ, "ವಾಸನೆ ಹೋಗ್ತದೆ."

ಮುಚ್ಚಿದೆ. ಆಮೇಲೆ ಅವರ ದನಿ ನಾನು ಕೇಳಿಲ್ಲ.