ಹಿತ್ತಲ ಹಗ್ಗದ ಮೇಲಿನ ಬಟ್ಟೆ

ನನ್ನ ವೈನಿ ರೇವವ್ವನ ಮಾತು ಬಂದಾಗೆಲ್ಲ ನನ್ನ ಈ ಬಾಯಿಗಷ್ಟು ಬೆಂಕಿ ಹಾಕಬೇಕೆನಿಸುತ್ತದೆ. ಎಂಬತ್ತೆರಡನೇ ಇಸವಿಯಲ್ಲಿ ಅವಳು ಕಲಘಟಗಿ ಕಡೆಯ ತಂಬೂರದಿಂದ ನಮ್ಮ ಯರಗುಪ್ಪಿಗೆ, ಅಣ್ಣ ಈರಪ್ಪನ ಹೆಂಡತಿಯಾಗಿ ಬಂದಳು. ನಾನಾಗ ಹದಿನಾಲ್ಕರವಳು. ಹೆಸರು ಮಹಾದೇವಕ್ಕ, ಮನೆಯಲ್ಲಿ ಮಾದೇವಿ.

ನಮ್ಮದು ಲಿಂಗವಂತರ ಮನೆ. ತಿಂಗಳಿಗೊಮ್ಮೆ ಹೊರಗೆ ಕೂಡುವ ಪದ್ಧತಿ ಇರಲಿಲ್ಲ. ಹಾಗಂತ ನಾಚಿಕೆಯೇನು ಕಡಿಮೆಯೇ? ಹಳೆ ಸೀರೆಯ ತುಂಡು ಕಟ್ಟಿಕೊಳ್ಳುವುದು, ಅದನ್ನು ಯಾರೂ ಏಳುವ ಮುಂಚೆ ನೀರಲ್ಲಿ ಜಾಲಾಡಿ, ಹಿತ್ತಲ ಸಗಣಿ ಕುಳ್ಳಿನ ರಾಶಿಯ ಸಂದಿಯಲ್ಲಿ ತುರುಕುವುದು. ಗಂಡಸರ ಕಣ್ಣಿಗೆ ಬೀಳಬಾರದು. ಹಾವಂತೂ ದಾಟಲೇಬಾರದು, ದಾಟಿತೋ, ಆ ಹೆಣ್ಣಿಗೆ ಮಕ್ಕಳಾಗುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಸಂದಿಯಲ್ಲಿಟ್ಟ ಬಟ್ಟೆ ಎಲ್ಲಿಂದ ಒಣಗಬೇಕು? ತೊಡೆಯೆಲ್ಲ ಹುಣ್ಣಾಗಿ ನಾನು ಶಾಲೆಗೆ ಕುಂಟುತ್ತ ಹೋಗುತ್ತಿದ್ದೆ.

ಅದನ್ನು ಗಮನಿಸಿದವಳು ವೈನಿ ಒಬ್ಬಳೇ.

"ಎಷ್ಟ ದಿನದಿಂದ ಹಿಂಗ ನರಳಿಕೋತ ತಿರಗಾಕತ್ತಿ ಬೇ, ಹುಚ್ಚಿ?" ಎಂದು ಬೈದು, ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಸಾಬೂನು ಹಾಕಿ ಒಗೆದು ಬಿರುಬಿಸಿಲಲ್ಲಿ ಒಣಗಿಸಬೇಕೆಂದು ಅವಳಿಗೆ ತಂಬೂರದ ನರ್ಸಬಾಯಿ ಕಲಿಸಿದ್ದಳಂತೆ. ತನ್ನದೇ ಹಸಿರು ಸೀರೆ ಹರಿದು, ತುಂಡುಗಳ ಅಂಚು ಹೊಲಿದು, ಅರ್ಧ ನನಗೆ ಕೊಟ್ಟಳು. ಹಿತ್ತಲಲ್ಲಿ ಹಗ್ಗ ಕಟ್ಟಿದಳು. ಅವ್ವ ಗೊಣಗಿದರೆ, "ಬಿಸಲಿಗೇನ ನಾಚಿಕಿರಿ ಅತ್ತಿ?" ಎಂದು ನಕ್ಕಳು. ಎರಡೇ ತಿಂಗಳಲ್ಲಿ ಹುಣ್ಣು ಮಾಯವಾಯಿತು.

ಒಂದು ದಿನ ಬಾಜು ಮನೆಯ ಬಸಕ್ಕ ಗೋಡೆಯ ಮೇಲಿಂದ ಇಣುಕಿದಳು. "ಏನವಾ ಮಾದೇವಿ, ಹಿತ್ತಲದಾಗ ತೋರಣ ಕಟ್ಟೀರಲ್ಲ, ಯಾರ ಲಗ್ನ?" ಮರುದಿನ ಅದು ಶಾಲೆಯ ಹುಡುಗಿಯರ ಬಾಯಲ್ಲೆಲ್ಲ ಇತ್ತು. ನನಗೆ ಮೈಯೆಲ್ಲ ಉರಿಯಿತು. ಅದರ ಮರುದಿನವೇ ನಾನು ಮುಟ್ಟಾದೆ. ನನ್ನ ಬಟ್ಟೆಯನ್ನು ಮೊದಲಿನಂತೆ ಕುಳ್ಳಿನ ಸಂದಿಗೆ ತುರುಕಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಹಗ್ಗದ ಮೇಲೆ ಮತ್ತೆ ಆ ಹಸಿರು ತುಂಡುಗಳು! ಎಷ್ಟು ಸೊಕ್ಕು ಇವಳಿಗೆ ಎನಿಸಿತು. ನೆಟ್ಟಗೆ ಅವ್ವನ ಮುಂದೆ ನಿಂತೆ.

"ಯವ್ವಾ, ವೈನಿ ಬಟ್ಟಿ ಮ್ಯಾಲೆ ಹಾವ ಹಾದ ಹೋತು. ನಾ ಕಣ್ಣಾರೆ ಕಂಡೆ."

ಹಾವೂ ಇಲ್ಲ, ಹುಳವೂ ಇಲ್ಲ. ಆ ಹಗ್ಗ ಬಿಚ್ಚಿದರೆ ಸಾಕಿತ್ತು ನನಗೆ.

ಹಗ್ಗ ಬಿಚ್ಚಿದರು. ರೊಟ್ಟಿ ಬಡಿಯುತ್ತಿದ್ದ ವೈನಿ ತಲೆ ಎತ್ತಿ, "ಖರೇನ ಕಂಡಿ?" ಎಂದಳು. "ಹೂಂ" ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆದರೆ ಅವ್ವ ಬಿಡಲಿಲ್ಲ. ವೈನಿಗೆ ಮಕ್ಕಳಾಗಲಿಲ್ಲ. ನಾಗಪ್ಪನ ಕಲ್ಲಿಗೆ ಹಾಲೆರೆಸಿದರು, ಉಪವಾಸ ಕೆಡವಿದರು. ದವಾಖಾನೆಗೆ ಮಾತ್ರ ಯಾರೂ ಕರೆದೊಯ್ಯಲಿಲ್ಲ, ಕಾರಣ ಗೊತ್ತಿತ್ತಲ್ಲ! ಎಂಬತ್ತೈದರಲ್ಲಿ ಅಣ್ಣನಿಗೆ ಇನ್ನೊಂದು ಹೆಣ್ಣು ನಿಶ್ಚಯಿಸಿ, ವೈನಿಯನ್ನು ತವರಿಗೆ ಕಳಿಸಿದರು. ಅವಳ ಅಪ್ಪ ಟ್ರಂಕು ಹೊತ್ತು ಹೊಸ್ತಿಲು ದಾಟುವಾಗ ನಾನು ಅಡುಗೆಮನೆಯಲ್ಲಿ ಅಡಗಿದ್ದೆ. ಸುಳ್ಳು ಹೇಳಿದ್ದೆ ಎಂಬ ಒಂದು ಮಾತು ಸಾಕಿತ್ತು. ಅವ್ವ ಹೊಡೆಯುತ್ತಾಳೆಂದು ಹೆದರಿದೆ. ಥೂ, ನನ್ನ ಜನ್ಮಕ್ಕಿಷ್ಟು! ಹೊಡೆತದ ನೋವು ಎಷ್ಟು ದಿನ ಇರುತ್ತಿತ್ತು?

ಎರಡನೆಯವಳಿಗೂ ಮಕ್ಕಳಾಗಲಿಲ್ಲ. ಅವಳ ಬಟ್ಟೆಯನ್ನು ಯಾವ ಹಾವು ದಾಟಿತೋ, ಅವ್ವನನ್ನೇ ಕೇಳಬೇಕು.

ನನಗೆ ಲಗ್ನವಾಗಿ ಮಗಳು ಹುಟ್ಟಿದ ಮೇಲಂತೂ ಆ ಸುಳ್ಳು ದಿನವೂ ಕಾಡತೊಡಗಿತು. ಎಂಬತ್ತೊಂಬತ್ತರಲ್ಲಿ, ಕಾಲಿಗೆ ಬಿದ್ದು ಎಲ್ಲ ಹೇಳಿಯೇ ಬಿಡುವುದೆಂದು ಕೂಸನ್ನು ಎತ್ತಿಕೊಂಡು ತಂಬೂರಕ್ಕೆ ಹೋದೆ. ವೈನಿ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಇನ್ನೂ ಮೂವತ್ತು ತುಂಬಿರಲಿಲ್ಲ, ಮುಂದಲೆ ಬೆಳ್ಳಗಾಗಿತ್ತು. ಕೂಸನ್ನು ಕಂಡದ್ದೇ ಮೊರ ಬಿಟ್ಟು ಎದ್ದುಬಂದು ಎದೆಗವಚಿಕೊಂಡು ಅತ್ತುಬಿಟ್ಟಳು.

"ಆತಲ್ಲವ್ವಾ, ನಿನಗ ಕೂಸಾತಲ್ಲ! ಈಗ ನನ್ನ ಜೀವ ಹಗುರಾತ ನೋಡು."

"ಹಂಗ್ಯಾಕಂತಿ ವೈನಿ?"

"ಆವತ್ತ ಹಗ್ಗದ ಮ್ಯಾಲಿದ್ದದ್ದು ನಿನ್ನ ಬಟ್ಟಿ, ಮಾದೇವಿ. ಕುಳ್ಳಿನ ಸಂದ್ಯಾಗ ತುರುಕಿ ಸಾಲಿಗೆ ಹೋಗಿದ್ದಿ. ಮತ್ತ ಹುಣ್ಣಾದೀತಂತ ನಾನ ತಗದು ಒಗದು ಹಾಕಿದ್ದೆ. ಹಾವು ದಾಟಿದ್ದು ನಿನ್ನ ಬಟ್ಟಿ ಅಂತ ಗೊತ್ತಾಗಿದ್ರ, ಲಗ್ನಾಗದ ಹುಡುಗಿನ ಯಾರ ಮಾಡ್ಕೋತಿದ್ರು? ಅದಕ್ಕ, ನಂದ ಅಂತ ಸುಮ್ಮನಾದೆ. ಆವಾಗಿಂದ ದಿನಾ ನಾಗಪ್ಪಗ ಬೇಡ್ಕೊಂಡೀನಿ, ಆ ದೋಷ ನಿನಗ ತಟ್ಟಬಾರದಂತ."

ಹಾವೇ ಇರಲಿಲ್ಲ ಎಂದು ಹೇಳಲು ಬಂದವಳು ನಾನು. ಬಾಯಿ ತೆರೆದೆ. ಅವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು, ಏಳು ವರ್ಷದಲ್ಲಿ ಅವಳು ಗಳಿಸಿದ್ದು ಆ ನಗುವೊಂದೇ ಎನಿಸಿತು. ಅದನ್ನೂ ಕಸಿಯಲು ನನ್ನಿಂದಾಗಲಿಲ್ಲ. ಅವಳು ಬಡಿಸಿದ್ದನ್ನು ಉಂಡು, ಸಂಜೆ ಬಸ್ಸಿಗೆ ಮರಳಿ ಬಂದೆ.